ವಾಸಸ್ಥಾನದ ಬೆಲೆಯೂ ವಾಸಯೋಗ್ಯತೆಯೂ

ಧನಿಕ, ಶ್ರೋತ್ರಿಯ, ರಾಜ, ನದಿ, ವೈದ್ಯ ಎಂಬ ಐದೂ ಇಲ್ಲದ ಸ್ಥಳದಲ್ಲಿ ವಾಸಿಸಕೂಡದೆಂಬುದು ಚಾಣಕ್ಯನೀತಿಯ ವಿಧಿ. ಈ ಗಣನೆಯಲ್ಲಿ ಮನೆಯ ಬೆಲೆಯು ಸೇರದಿರುವುದು ವಿಚಾರಾರ್ಹವಾಗಿದೆ. ಇದರ ಔಚಿತ್ಯವನ್ನು ಪರೀಕ್ಷಿಸಲು ಅಮೆರಿಕದ ಪಶ್ಚಿಮ ವರ್ಜೀನಿಯಾ ಪ್ರಾಂತದಲ್ಲಿರುವ ಮ್ಯಾಕ್‌ಡೊವೆಲ್ ಕೌಂಟಿಯು ತಕ್ಕ ನಿದರ್ಶನವು. ಕೌಂಟಿಯೆಂಬುದು ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತವಿಭಾಗ.

ಕಲ್ಲಿದ್ದಲಿನ ಗಣಿಗಳಿಂದ ಬೆಳೆದ ಈ ಸೀಮೆಯಲ್ಲಿ 1950ರ ಜನಗಣತಿಯಂತೆ 98,887 ಮಂದಿಯಿದ್ದರು. ಯಂತ್ರಗಳು ಬಂದು, ಗಣಿಗಳು ಮುಚ್ಚುತ್ತ ಹೋಗಲಾಗಿ, 2020ರಲ್ಲಿ ಉಳಿದವರು 19,111 ಮಂದಿ. ಮನೆಗಳು ಅಗ್ಗವಾದುದು ಇದರಿಂದಲೇ. ಧನಿಕನೆಂದರೆ ಉದ್ಯೋಗವನ್ನು ಕೊಡುವವನೆಂದು ಅರ್ಥೈಸಿದರೆ ಆ ಅಂಗವು ಇಲ್ಲಿ ಕ್ಷೀಣವಾಗಿದೆ. ಹೊಳೆಗಳಿದ್ದರೂ, ಗಣಿಯ ಕಂಪೆನಿಗಳು ಹಾಕಿಸಿದ್ದ ಕೊಳವೆಗಳು ಜೀರ್ಣವಾಗಿ, ಕೆಲವು ಊರುಗಳಲ್ಲಿ ಕುಡಿಯುವ ನೀರಿಗೇ ಕಷ್ಟವಾಗಿದೆ. ತಜ್ಞವೈದ್ಯರನ್ನು ಕಾಣಲು ಬೆಟ್ಟದ ದಾರಿಯಲ್ಲಿ ದೂರ ಹೋಗಬೇಕಾಗುತ್ತದೆ.

ನಿವೃತ್ತಿವೇತನವುಳ್ಳ ಆರೋಗ್ಯವಂತನಿಗೆ ಈ ಅಗ್ಗವು ನಿಜವಾದ ಲಾಭವಾಗಬಹುದು. ಕೂಲಿಯನ್ನು ನಂಬಿದವನಿಗೂ ರೋಗಿಗೂ ಉಳಿತಾಯವೆಲ್ಲ ಪ್ರಯಾಣಕ್ಕೂ ನೀರಿಗೂ ವ್ಯಯವಾಗುವುದು. ಆದುದರಿಂದ ಬೆಲೆಯು ಆರನೆಯ ಅಂಗವಲ್ಲ. ಉಳಿದ ಅಂಗಗಳ ಭಾವಾಭಾವಗಳಿಂದ ಹುಟ್ಟಿದ ಫಲವು. ನೀತಿಕಾರನು ಅದನ್ನು ಪ್ರತ್ಯೇಕವಾಗಿ ಎಣಿಸದಿರುವುದು ಯುಕ್ತವೇ ಆಗಿದೆ. ಆದರೆ ಈ ವಿಧಿಯು ಆಯ್ಕೆಯ ಶಕ್ತಿಯುಳ್ಳವನಿಗೆ ಮಾತ್ರ ಅನ್ವಯಿಸುವುದೆಂಬುದನ್ನು ಮರೆಯಲಾಗದು.