ಹೊಸ ಪದವೀಧರರ ಆರೋಗ್ಯ: ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳು

ಎಂಜಿನಿಯರಿಂಗ್ ಹಾಗೂ ಡಿಪ್ಲೊಮಾ ಪರೀಕ್ಷೆಗಳ ಫಲಿತಾಂಶ ಪ್ರಕಟವಾದ ಬಳಿಕ ಪ್ರತಿ ವರ್ಷ ಹುಬ್ಬಳ್ಳಿ-ಧಾರವಾಡದ ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಘಟಕಗಳಿಗೆ ಹೊಸ ಮುಖಗಳು ಬರುತ್ತವೆ. ಅವರ ಅಂಕಪಟ್ಟಿಯನ್ನು ನೋಡುತ್ತೇವೆ; ಡ್ರಾಯಿಂಗ್ ಓದಲು ಬರುತ್ತದೆಯೇ, ಮೈಕ್ರೋಮೀಟರ್ ಹಿಡಿಯಲು ಬರುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಎಲ್ಲಿ ಉಳಿದುಕೊಂಡಿದ್ದಾರೆ, ಬೆಳಿಗ್ಗೆ ಏನು ತಿಂದು ಬರುತ್ತಾರೆ ಎಂದು ಕೇಳುವ ರೂಢಿ ನಮ್ಮಲ್ಲಿ ಕಡಿಮೆ. ನಾನೂ ಕೇಳುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ವಾಲ್ವ್ ಬಿಡಿಭಾಗಗಳನ್ನು ತಯಾರಿಸುವ ನಮ್ಮ ಸಣ್ಣ ಘಟಕಕ್ಕೆ ಗದಗ ಕಡೆಯ ಯುವಕನೊಬ್ಬ ಟ್ರೇನಿಯಾಗಿ ಸೇರಿದ. ಮೊದಲ ತಿಂಗಳು ಚುರುಕಾಗಿದ್ದವನು ಎರಡನೆಯ ತಿಂಗಳಲ್ಲಿ ಅಳತೆ ತಪ್ಪತೊಡಗಿದ. ಕೆಲವು ಬಿಡಿಭಾಗಗಳು ಸ್ಕ್ರ್ಯಾಪ್ ಆದವು. ಮೈಗಳ್ಳನೆಂದು ನಾನು ತೀರ್ಮಾನಿಸಿ, ಎಲ್ಲರೆದುರಿಗೆ ಗದರಿಸಿಯೂ ಬಿಟ್ಟೆ. ಮೂರನೆಯ ತಿಂಗಳಲ್ಲಿ ಒಂದು ದಿನ ಹನ್ನೊಂದು ಗಂಟೆಯ ಸುಮಾರಿಗೆ ಆತ ಡ್ರಿಲ್ಲಿಂಗ್ ಯಂತ್ರದ ಮುಂದೆ ತಲೆ ಸುತ್ತಿ ಕುಸಿದ. ಪಕ್ಕದಲ್ಲಿದ್ದ ಆಪರೇಟರ್ ತಕ್ಷಣ ಯಂತ್ರ ನಿಲ್ಲಿಸಿದ್ದರಿಂದ ಕೈ ಉಳಿಯಿತು. ನೀರು ಕುಡಿಸಿದ ಮೇಲೆ ನಮ್ಮ ಹಿರಿಯ ಫೋರ್‌ಮನ್ನರು ಕೇಳಿದರು:

"ಮುಂಜಾನೆ ಏನ್ ತಿಂದಿಯೋ ತಮ್ಮಾ?"

"ಚಹಾ ಕುಡದೇನ್ರಿ."

"ರಾತ್ರಿ?"

"ಖಾನಾವಳಿ ಮುಚ್ಚಿತ್ರಿ."

ಊರಿಗೆ ಹೋದ ಯುವಕ ಮರಳಿ ಬರಲಿಲ್ಲ. ಅವನ ಸ್ಥಾನಕ್ಕೆ ಬೇರೊಬ್ಬನನ್ನು ಹುಡುಕಿ ತಯಾರು ಮಾಡಲು ತಗುಲಿದ ಕಾಲದ ಲೆಕ್ಕ ನನ್ನ ಖಾತೆ ಪುಸ್ತಕದಲ್ಲಿ ಎಲ್ಲಿಯೂ ನಮೂದಾಗಿಲ್ಲ.

ಗಂಟೆ ಬಾರಿಸುವವರಿಲ್ಲದ ಜೀವನ

ಆಗ ಯೋಚಿಸಿದಾಗ ತಿಳಿದದ್ದಿಷ್ಟು. ಹಾಸ್ಟೆಲಿನ ಊಟವನ್ನು ಬೈಯದ ವಿದ್ಯಾರ್ಥಿ ಇಲ್ಲ. ಆದರೆ ಆ ಮೆಸ್ಸಿಗೆ ಒಂದು ನಿಗದಿತ ವೇಳೆ ಇರುತ್ತದೆ. ತರಗತಿಗಳ ನಡುವೆ ಓಡಾಟ, ಸಂಜೆ ಮೈದಾನ, ಜ್ವರ ಬಂದರೆ ಗಂಜಿ ತಂದುಕೊಡುವ ಗೆಳೆಯ, ಇವೆಲ್ಲ ಕೇಳದೆಯೇ ದೊರೆಯುತ್ತವೆ. ಕೆಲಸಕ್ಕೆ ಸೇರಿದ ದಿನವೇ ಇವೆಲ್ಲ ಒಟ್ಟಿಗೆ ತಪ್ಪಿಹೋಗುತ್ತವೆ. ಬಾಡಿಗೆ ಕೋಣೆಯಲ್ಲಿ ಒಲೆ ಇರುವುದಿಲ್ಲ. ಬೆಳಗಿನ ಪಾಳಿಗೆ ಹೊರಡುವ ಹೊತ್ತಿಗೆ ಖಾನಾವಳಿ ತೆರೆದಿರುವುದಿಲ್ಲ, ಮರಳುವ ಹೊತ್ತಿಗೆ ಮುಚ್ಚಿರುತ್ತದೆ. ನಡುವೆ ಮಿರ್ಚಿ, ಗಿರ್ಮಿಟ್ಟು ಮತ್ತು ಐದಾರು ಕಪ್ ಚಹಾ. ಇಪ್ಪತ್ತೆರಡರ ಹರೆಯದ ದೇಹ ಇದನ್ನು ಕೆಲವು ವಾರ ತಾಳಿಕೊಳ್ಳುವುದರಿಂದಲೇ ಅಪಾಯ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನಿದ್ರೆಯದೂ ಇದೇ ಕಥೆ. ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಕಾಲೇಜಿನಲ್ಲಿ ಎರಡು ಗಂಟೆಗೆ ಮಲಗಿ ಮೊದಲ ತರಗತಿಯನ್ನು ತಪ್ಪಿಸಬಹುದಿತ್ತು. ಮೊದಲ ಪಾಳಿಯನ್ನು ತಪ್ಪಿಸಲಾಗದು. ಮಲಗುವ ಹೊತ್ತು ಹಳೆಯದೇ, ಏಳುವ ಹೊತ್ತು ಮಾತ್ರ ಹೊಸದು. ಇಂತಹವರನ್ನು ಸೇರಿದ ತಿಂಗಳಲ್ಲಿಯೇ ರಾತ್ರಿ ಪಾಳಿಗೆ ಹಾಕುವ ನಮ್ಮ ಪದ್ಧತಿ ("ಹುಡುಗರು, ತಡೆದುಕೊಳ್ಳುತ್ತಾರೆ") ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತನ್ನು ಗಮನಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಬೇಗ ದಣಿಯುವುದು ಇದರ ಲಕ್ಷಣಗಳಲ್ಲಿ ಒಂದು. ಊಟದ ಜೊತೆಗೇ ಚಹಾ ಕುಡಿದರೆ ಆಹಾರದಲ್ಲಿನ ಕಬ್ಬಿಣದ ಅಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಊಟದ ಬಿಡುವು ಮುಗಿಯುತ್ತಿದ್ದಂತೆ ಚಹಾ ಹಂಚುತ್ತಿದ್ದ ನಮ್ಮ ಘಟಕದಲ್ಲಿ ಅದನ್ನು ಒಂದೂವರೆ ಗಂಟೆ ಮುಂದಕ್ಕೆ ಹಾಕಿದೆವು. ಇದಕ್ಕೆ ಖರ್ಚೇನೂ ಬರಲಿಲ್ಲ.

ಇ.ಎಸ್.ಐ. ಮತ್ತು ಮೊದಲ ತಿಂಗಳುಗಳು

ಹತ್ತು ಅಥವಾ ಹೆಚ್ಚು ಜನರಿರುವ ಘಟಕಗಳ ನಮ್ಮ ಸದಸ್ಯ ಬಾಂಧವರಿಗೆ ಇ.ಎಸ್.ಐ. ಹೊಸದಲ್ಲ. ವೇತನದ ಮಿತಿ 2017ರ ಜನವರಿಯಲ್ಲಿ 21,000 ರೂ.ಗೆ ಏರಿತು, 2019ರ ಜುಲೈನಲ್ಲಿ ವಂತಿಗೆ ಮಾಲೀಕರಿಗೆ ಶೇ. 3.25, ನೌಕರರಿಗೆ ಶೇ. 0.75ಕ್ಕೆ ಇಳಿಯಿತು. ಸಣ್ಣ ಘಟಕಗಳಿಗೆ ಸೇರುವ ಹೊಸ ಪದವೀಧರರಲ್ಲಿ ಅನೇಕರು ಈ ಮಿತಿಯೊಳಗೇ ಬರುತ್ತಾರೆ. ಆದರೆ "ಇರುತ್ತಾನೋ ಹೋಗುತ್ತಾನೋ, ನೋಡೋಣ" ಎಂದು ನೋಂದಣಿಯನ್ನು ಮುಂದೂಡುವವರು ನಮ್ಮ ನಡುವೆ ಇಲ್ಲವೆಂದು ಹೇಳಲಾರೆ.

ಇದರಿಂದ ಆಗುವ ನಷ್ಟವನ್ನು ತಿಳಿಯಬೇಕು. ವಿಮೆಗೊಳಪಡುವ ಕೆಲಸಕ್ಕೆ ಸೇರಿದ ದಿನದಿಂದಲೇ ನೌಕರನಿಗೆ ವೈದ್ಯಕೀಯ ಸೌಲಭ್ಯಕ್ಕೆ ಅರ್ಹತೆ ಇದೆ. ಆದರೆ ಕಾಯಿಲೆಯ ರಜೆಯ ಕಾಲಕ್ಕೆ ದೊರೆಯುವ ನಗದು ಸೌಲಭ್ಯ ಹಾಗಲ್ಲ. ಹೊಸಬನಿಗೆ ಅದರ ಅವಧಿ ಆರಂಭವಾಗುವುದು ಸೇರಿದ ಒಂಬತ್ತು ತಿಂಗಳ ನಂತರ. ಅಂದರೆ ಹಾಸ್ಟೆಲ್ ಬಿಟ್ಟ ಮೊದಲ ತಿಂಗಳುಗಳಲ್ಲಿ, ಕಾಯಿಲೆ ಬೀಳುವ ಸಂಭವ ಹೆಚ್ಚಿರುವಾಗಲೇ, ರಜೆ ಹಾಕಿದರೆ ಸಂಬಳ ಕಡಿತ. ಆದ್ದರಿಂದ ಹುಡುಗರು ಜ್ವರದಲ್ಲಿಯೂ ಯಂತ್ರದ ಮುಂದೆ ನಿಲ್ಲುತ್ತಾರೆ. ಈ ಅವಧಿಗೆ ನಾವು ವೈದ್ಯರ ಚೀಟಿ ತಂದವರಿಗೆ ಆರು ದಿನಗಳ ಸಂಬಳಸಹಿತ ರಜೆಯನ್ನು ನಮ್ಮ ಲೆಕ್ಕದಲ್ಲಿಯೇ ಕೊಡುತ್ತಿದ್ದೇವೆ. ದುರುಪಯೋಗವಾಗುತ್ತದೆಂದು ನಮ್ಮ ಲೆಕ್ಕಿಗರು ಎಚ್ಚರಿಸಿದ್ದರು. ಒಬ್ಬ ಮಾಡಿದ್ದೂ ಉಂಟು. ಉಳಿದವರು ಮಾಡಲಿಲ್ಲ.

ಕೋಣೆಗಳ ನೀರಿನ ಬಗೆಗೂ ಹೇಳಬೇಕು. ನಲ್ಲಿ ನೀರು ದಿನ ಬಿಟ್ಟು ಬರುವ ಓಣಿಗಳಲ್ಲಿ ಹುಡುಗರು ಬಕೆಟ್, ಡ್ರಮ್ಮುಗಳಲ್ಲಿ ನೀರು ಹಿಡಿದಿಡುತ್ತಾರೆ. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದು ಇಂತಹ ತಿಳಿ ನೀರಿನಲ್ಲಿಯೇ. ವಾರಕ್ಕೊಮ್ಮೆ ಡ್ರಮ್ ಬರಿದುಮಾಡಿ, ತಿಕ್ಕಿ, ಒಣಗಿಸಿ, ಮುಚ್ಚಳ ಹಾಕಬೇಕೆಂದು ಹೊಸಬರಿಗೆ ನಮ್ಮ ಫೋರ್‌ಮನ್ನರು ಮೊದಲ ದಿನವೇ ಹೇಳುತ್ತಾರೆ.

ಇನ್ನು ಉಪಾಹಾರ. 1948ರ ಕಾರ್ಖಾನೆ ಕಾಯಿದೆ ಕ್ಯಾಂಟೀನನ್ನು ಕಡ್ಡಾಯಗೊಳಿಸಿದ್ದು 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಗಳಿಗೆ. ನಮ್ಮಂತಹವರಿಗೆ ಅದು ಎಂದೂ ಅನ್ವಯಿಸಲಿಲ್ಲ. ನಾವು ಮಾಡಿದ್ದು ಸಣ್ಣ ಏರ್ಪಾಡು. ಹತ್ತಿರದ ಓಣಿಯ ಒಬ್ಬ ತಾಯಿ ಮುಂಜಾನೆ ಡಬ್ಬಿಯಲ್ಲಿ ಉಪ್ಪಿಟ್ಟು, ಅವಲಕ್ಕಿ ಅಥವಾ ಸುಸಲಾ ತಂದುಕೊಡುತ್ತಾರೆ. ಅರ್ಧ ಹಣ ಘಟಕದ್ದು, ಅರ್ಧ ತಿನ್ನುವವರದ್ದು. ಪೂರ್ತಿ ಉಚಿತವಾಗಿದ್ದಾಗ ಅರ್ಧ ತಿಂದು ಬಿಡುತ್ತಿದ್ದರು. ತಿಂಡಿಗೆ ಹದಿನೈದು ನಿಮಿಷ. ಅದು ಮುಗಿಯುವವರೆಗೆ ಫೋರ್‌ಮನ್ನರು ಹೊಸಬರ ಯಂತ್ರಗಳ ಸ್ವಿಚ್ ಹಾಕಗೊಡುವುದಿಲ್ಲ. ತುರ್ತು ಆರ್ಡರ್ ಇದ್ದ ದಿನ ನಾನೇ ಹೋಗಿ ಅವಸರಪಡಿಸಿದರೂ "ಉಂಡ ಮ್ಯಾಲೆ ಹಚ್ಚತಾರ್ರಿ ಸಾಹೇಬ್ರ" ಎನ್ನುತ್ತಾರೆ.