ಉದ್ದದ ಫಾರ್ಮುಲಾಗೆ ಒಂದು ಪುಟ್ಟ ಹೆಸರು

ಒಂದು ಪಟ್ಟಿಯಲ್ಲಿ ‘ಸವಿತಾ’. ಇನ್ನೊಂದರಲ್ಲೂ ‘ಸವಿತಾ’, ಆದ್ರೆ ಕೊನೆಗೊಂದು ಸ್ಪೇಸ್. ನಮ್ಮ ಕಣ್ಣಿಗೆ ಒಬ್ಬರೇ, ಗೂಗಲ್ ಶೀಟ್ಸ್‌ಗೆ ಇಬ್ಬರು!

ಪಟ್ಟಿಗಳನ್ನ ಜೋಡಿಸೋಕೆ ವಿಸ್ಟ್ಯಾಕ್, ಸ್ಪೇಸ್ ತೆಗೆಯೋಕೆ ಟ್ರಿಮ್, ಇಡೀ ಕಾಲಂಗೆ ಅದನ್ನ ಹರಡೋಕೆ ಅರೇಫಾರ್ಮುಲಾ, ಒಂದೇ ಹೆಸರು ಎರಡು ಸಲ ಬರದ ಹಾಗೆ ಹೊರಗೆ ಯೂನಿಕ್. ಇಷ್ಟುದ್ದ ಪ್ರತಿ ಸಲ ಯಾಕೆ ಟೈಪ್ ಮಾಡ್ಬೇಕು?

ಡೇಟಾ ಮೆನುವಿನಲ್ಲಿ ನೇಮ್ಡ್ ಫಂಕ್ಷನ್ಸ್ ತೆರೀರಿ. ‘ಕ್ಲೀನ್‌ಲಿಸ್ಟ್’ ಅಂತ ಹೆಸರಿಡಿ. ಎರಡು ಪಟ್ಟಿಗಳ ಜಾಗದಲ್ಲಿ ಎರಡು ಆರ್ಗ್ಯುಮೆಂಟ್ ಕೊಟ್ಟು, ಫಾರ್ಮುಲಾ ಒಮ್ಮೆ ಬರೀರಿ. ಮುಂದೆ ಆ ಹೆಸರು, ಬ್ರಾಕೆಟ್‌ನಲ್ಲಿ ಎರಡು ರೇಂಜ್, ಅಷ್ಟೇ!

ವೆಬ್‌ಸೈಟ್‌ನಿಂದ ಕಾಪಿ ಮಾಡಿದ ಡೇಟಾದಲ್ಲಿ ಟ್ರಿಮ್‌ಗೂ ಜಗ್ಗದ ಸ್ಪೇಸ್ ಇರಬಹುದು, ಕ್ಯಾರೆಕ್ಟರ್ 160. ಅದನ್ನ ಸಬ್‌ಸ್ಟಿಟ್ಯೂಟ್‌ನಿಂದ ಮೊದಲೇ ಮಾಮೂಲಿ ಸ್ಪೇಸ್ ಮಾಡಿಬಿಡಿ. ಇದನ್ನೂ ಆ ಫಾರ್ಮುಲಾದೊಳಗೆ ಖಂಡಿತ ಸೇರಿಸಿ.

ಬೇರೆ ಫೈಲ್‌ನಲ್ಲೂ ಬೇಕಾ? ಅಲ್ಲೂ ನೇಮ್ಡ್ ಫಂಕ್ಷನ್ಸ್ ತೆರೆದು ಇಂಪೋರ್ಟ್ ಫಂಕ್ಷನ್ ಒತ್ತಿ. ಎಕ್ಸೆಲ್‌ನಲ್ಲಾದ್ರೆ ಲ್ಯಾಂಬ್ಡಾ ಬರೆದು ನೇಮ್ ಮ್ಯಾನೇಜರ್‌ನಲ್ಲಿ ಹೆಸರು ಕೊಡಿ.