ಕಾಣದ ನಾಣ್ಯಕ್ಕೆ ತಕ್ಕಡಿ ಹಿಡಿದವರು

ಬಿಟ್‌ಕಾಯಿನ್ ಎಂಬ ನಾಣ್ಯವನ್ನು ಯಾರೂ ಕೈಯಲ್ಲಿ ಹಿಡಿದವರಿಲ್ಲ. 2009ರ ಜನವರಿಯಲ್ಲಿ ಹುಟ್ಟಿದ ಅದಕ್ಕೆ ಟಂಕಸಾಲೆಯಿಲ್ಲ, ಒಡೆಯನಿಲ್ಲ, ಬಾಗಿಲು ಮುಚ್ಚುವ ಪೇಟೆಯೂ ಇಲ್ಲ. ಹಗಲಿರುಳೆನ್ನದೆ ಹಲವಾರು ವಿನಿಮಯ ಕೇಂದ್ರಗಳಲ್ಲಿ ಅದರ ವಿಕ್ರಯ ನಡೆದೇ ಇರುತ್ತದೆ. ಒಂದೊಂದು ಕಡೆ ಒಂದೊಂದು ದರ! ಹೀಗಿರುವಾಗ, "ಇಂದಿನ ಬೆಲೆ ಇಷ್ಟು" ಎಂದು ನಿರ್ಣಯಿಸುವವರಾರು?

ಇದಕ್ಕೆಂದೇ ಹೊಸದೊಂದು ವೃತ್ತಿ ತಲೆಯೆತ್ತಿದೆ. ಡಿಜಿಟಲ್ ಆಸ್ತಿಗಳ ಸೂಚ್ಯಂಕಗಳನ್ನು ರಚಿಸುವ ಈ ಗಣಿತ ವಿಶ್ಲೇಷಕನನ್ನು ವ್ಯವಹಾರದವರು 'ಕ್ವಾಂಟ್' ಎನ್ನುತ್ತಾರೆ. ಕೊಳ್ಳುವುದು, ಮಾರುವುದು ಇವನ ಕೆಲಸವಲ್ಲ. ತೂಗುವುದಷ್ಟೇ ಇವನ ಕೆಲಸ.

ತೂಗುವುದೇನು ಮಹಾ ಎನ್ನುವಿರಾ? ಸಂತೆಯಲ್ಲಿ ಐವರು ವರ್ತಕರು ಒಂದೇ ತರಕಾರಿಗೆ 20, 20, 21, 22 ಮತ್ತು 100 ರೂಪಾಯಿ ಹೇಳಿದರೆನ್ನಿ. ಸರಾಸರಿ ತೆಗೆದರೆ 36 ರೂಪಾಯಿ 60 ಪೈಸೆ. ಒಬ್ಬನ ದುರಾಸೆ ಸಂತೆಯ ಲೆಕ್ಕವನ್ನೆಲ್ಲ ಕೆಡಿಸಿತು. ದರಗಳನ್ನು ಏರಿಕೆಯಲ್ಲಿ ಜೋಡಿಸಿ ನಡುವಿನದನ್ನು ಆರಿಸಿದರೆ 21 ರೂಪಾಯಿ. ಈ 'ಮಧ್ಯಾಂಕ'ವೇ ಕ್ವಾಂಟನ ಮೊದಲನೆಯ ಅಸ್ತ್ರ.

ಒಂದು ಗಂಟೆ, ಹನ್ನೆರಡು ಪಾಲು

2016ರಲ್ಲಿ ಆರಂಭವಾದ 'ಸಿಎಂಇ ಸಿಎಫ್ ಬಿಟ್‌ಕಾಯಿನ್ ರೆಫರೆನ್ಸ್ ರೇಟ್' ಇದಕ್ಕೆ ನಿದರ್ಶನ. ಲಂಡನ್ನಿನ ಗಡಿಯಾರದಲ್ಲಿ ಮಧ್ಯಾಹ್ನ 3ರಿಂದ 4 ಗಂಟೆಯವರೆಗಿನ ವ್ಯಾಪಾರವನ್ನು ಐದೈದು ನಿಮಿಷಗಳ 12 ಪಾಲು ಮಾಡುತ್ತಾರೆ. ಪ್ರತಿ ಪಾಲಿನಲ್ಲೂ ವ್ಯಾಪಾರದ ಗಾತ್ರಕ್ಕೆ ತಕ್ಕ ತೂಕ ಕೊಟ್ಟು ಮಧ್ಯಾಂಕ ಕಂಡುಹಿಡಿದು, ಆ 12ರ ಸರಾಸರಿಯನ್ನು ಆ ದಿನದ ದರವೆಂದು ಸಾರುತ್ತಾರೆ. ಧನಬಲವುಳ್ಳ ಕಪಟಿ ಐದು ನಿಮಿಷಗಳನ್ನು ವಶಪಡಿಸಿಕೊಂಡರೂ, ಅವನ ಕೈವಾಡ ಹನ್ನೆರಡರಲ್ಲೊಂದು ಪಾಲನ್ನು ದಾಟಲಾರದು!

ಈ ಎಚ್ಚರಿಕೆ ವೃಥಾ ಅಲ್ಲ. 2019ರ ಮೇ 17ರಂದು ಬಿಟ್‌ಸ್ಟ್ಯಾಂಪ್ ಎಂಬ ಕೇಂದ್ರದಲ್ಲಿ ಯಾರೋ ಭಾರಿ ಮೊತ್ತವನ್ನು ಒಮ್ಮೆಲೇ ಮಾರಾಟಕ್ಕಿಟ್ಟರು. ಅಲ್ಲಿಯ ದರ ಕುಸಿಯಿತು. ಆ ದರವನ್ನು ನೆಚ್ಚಿ ಸೂಚ್ಯಂಕ ಕಟ್ಟಿದ್ದ ಇನ್ನೊಂದು ಪೇಟೆಯಲ್ಲಿ, ಸಾಲದ ಬಲದಿಂದ ಪಣವೊಡ್ಡಿದ್ದ ಎಷ್ಟೋ ಮಂದಿಯ ವ್ಯವಹಾರಗಳು ತಾವಾಗಿಯೇ ಮುಚ್ಚಿಹೋದವು. ತಕ್ಕಡಿಯ ಮುಳ್ಳು ಅರೆಕ್ಷಣ ಅಲುಗಿದರೂ ಮನೆಗಳು ಮುಳುಗುತ್ತವೆ.

ಇದಕ್ಕಿಂತ ಹಳೆಯ ಪಾಠವೂ ಒಂದುಂಟು. ಲಂಡನ್ನಿನ 'ಲೈಬೋರ್' ಬಡ್ಡಿದರವನ್ನು ಬ್ಯಾಂಕುಗಳು ಹೇಳಿದ ಅಂಕಿಗಳಿಂದ ಕಟ್ಟುತ್ತಿದ್ದರು. ಸ್ವಲಾಭಕ್ಕಾಗಿ ಅಂಕಿಗಳನ್ನು ತಿರುಚಿದ ಹಗರಣ 2012ರಲ್ಲಿ ಬಯಲಾಯಿತು. ಬಾಯಿಮಾತನ್ನು ನೆಚ್ಚದೆ ನಡೆದ ವ್ಯಾಪಾರವನ್ನೇ ಎಣಿಸಬೇಕು, ಎಣಿಸುವ ಕ್ರಮವನ್ನು ಬಹಿರಂಗಪಡಿಸಬೇಕು ಎಂಬ ವಿವೇಕ ಆಗ ಬಲಗೊಂಡಿತು.

2024ರ ಜನವರಿಯಲ್ಲಿ ಅಮೆರಿಕವು ಬಿಟ್‌ಕಾಯಿನ್ ನಿಧಿಗಳಿಗೆ ಸಮ್ಮತಿಯಿತ್ತ ಮೇಲೆ ಸಾಮಾನ್ಯರ ಉಳಿತಾಯವೂ ಈ ತಕ್ಕಡಿಯನ್ನೇರಿದೆ.

ಆದರೆ ತಕ್ಕಡಿ ತೂಕವನ್ನು ಹೇಳೀತೇ ಹೊರತು ಯೋಗ್ಯತೆಯನ್ನಲ್ಲ. 2022ರ ಮೇ ತಿಂಗಳಿನಲ್ಲಿ ಹತ್ತಾರು ಡಾಲರು ಬಾಳುತ್ತಿದ್ದ 'ಲೂನಾ' ಕೆಲವೇ ದಿನಗಳಲ್ಲಿ ಒಂದು ಸೆಂಟಿಗೂ ಕೆಳಗಿಳಿಯಿತು. ಅಂತಹ ಪತನವನ್ನು ತಡೆಯುವುದು ಕ್ವಾಂಟನ ಕೈಯಲ್ಲಿಲ್ಲ. ಸುಳ್ಳಿಲ್ಲದೆ ದಾಖಲಿಸುವುದಷ್ಟೇ ಅವನ ಧರ್ಮ. ಕೊಳ್ಳಬೇಕೋ ಬೇಡವೋ ಎಂಬ ವಿವೇಚನೆ ಮಾತ್ರ ಕೊಳ್ಳುವವನದೇ.